ಪೊಲಿಕ್ಸೇನಿ ಅಜ್ಜಿಯ ಹೆಸರು

"ಬಲಿ ಕೇಳಿದವನ ಹೆಸರು ಮಗನಿಗೆ ಆಗತ್ತೆ, ಬಲಿಯಾದವಳ ಹೆಸರು ಮಗಳಿಗೆ ಆಗಲ್ವಾ?"

ಮೆಲ್ಬರ್ನಿನ ವೃದ್ಧಾಶ್ರಮದಲ್ಲಿ ನಾನು ನೋಡಿಕೊಳ್ಳುವ ಗ್ರೀಕ್ ಅಜ್ಜಿ ಈ ವಾರ ಮಗನಿಗೆ ಕೇಳಿದ ಮಾತಿದು. ಅವರ ಕಾಲಿಗೆ ಸಾಕ್ಸ್ ಹಾಕುತ್ತಿದ್ದೆ. ಕೈ ಅಲ್ಲೇ ನಿಂತಿತು.

ಅಜ್ಜಿಯ ಹೆಸರು ಪೊಲಿಕ್ಸೇನಿ. ಅಜ್ಜ ಅಜ್ಜಿಯ ಹೆಸರನ್ನು ಮೊಮ್ಮಕ್ಕಳಿಗೆ ಇಡೋದು ನಮ್ಮ ಹಾಗೇ ಗ್ರೀಕರಲ್ಲೂ ಇದೆ. ಮೊಮ್ಮಗನಿಗೆ ತೀರಿಹೋದ ಅಜ್ಜನ ಹೆಸರು, ಅಕಿಲೀಸ್. ಈಗ ಹೆಣ್ಣು ಮಗು ಹುಟ್ಟಿದೆ. ಅಜ್ಜಿ ಹೆಸರಿನ ಸರದಿ ಬಂದಾಗ ಮಗ, "ಆ ಕತೆ ಒಳ್ಳೇದಲ್ಲಮ್ಮ" ಅಂದುಬಿಟ್ಟರು. ಒಳ್ಳೆಯ ಮನುಷ್ಯ, ವಾರ ತಪ್ಪದೆ ಬರ್ತಾರೆ. ಆದರೂ ಆ ಮಾತು ನನಗೆ ಚುಚ್ಚಿತು.

ಅಜ್ಜಿಯ ಹೆಸರು ಗ್ರೀಕ್ ಪುರಾಣದ ಪೊಲಿಕ್ಸೇನಾಳದು. ಅವಳು ಟ್ರಾಯ್ ದೊರೆ ಪ್ರಿಯಮನ ಮಗಳು. ಟ್ರಾಯ್ ಯುದ್ಧದ ಕತೆ ಹೇಳುವ ಹೋಮರನ ಕಾವ್ಯಗಳಲ್ಲಿ ಅವಳ ಸುಳಿವೇ ಇಲ್ಲ. ಗ್ರೀಕರು ಟ್ರಾಯ್ ಗೆದ್ದ ಮೇಲೆ, ಆ ಯುದ್ಧದಲ್ಲೇ ಸತ್ತಿದ್ದ ಗ್ರೀಕ್ ವೀರ ಅಕಿಲೀಸನ ಪ್ರೇತ ತನ್ನ ಸಮಾಧಿಗೆ ಅವಳನ್ನೇ ಬಲಿ ಕೇಳಿತಂತೆ. ಕತ್ತಿ ಎತ್ತಿದವನು ಅವನ ಮಗ. ಪ್ರಾಚೀನ ಗ್ರೀಕ್ ನಾಟಕಕಾರ ಯೂರಿಪಿಡೀಸನ 'ಹೆಕೂಬಾ' ನಾಟಕದಲ್ಲಿ ಅವಳು ಯಾರೂ ಮುಟ್ಟಬೇಡಿ ಅಂತ ಹೇಳಿ ತಾನಾಗಿ ಕತ್ತು ಒಡ್ಡುತ್ತಾಳೆ. ಸೈನಿಕರು ಮೆಚ್ಚಿ ಹೊಗಳುತ್ತಾರೆ.

ನನಗೆ ಆ ಹೊಗಳಿಕೆ ಹಿಡಿಸಲ್ಲ. ತಾನೇ ಒಪ್ಪಿ ಸತ್ತಳು ಅಂದರೆ ಕೊಂದವರ ಮನಸ್ಸು ಹಗುರಾಗತ್ತೆ, ಅಷ್ಟೆ. 1994ರಲ್ಲಿ ಟರ್ಕಿಯಲ್ಲಿ ಟ್ರಾಯ್ ಕಡೆಯ ದಿಬ್ಬವೊಂದರಲ್ಲಿ ಅಮೃತಶಿಲೆಯ ಶವಪೆಟ್ಟಿಗೆ ಸಿಕ್ಕಿತು. ನಾಟಕಕ್ಕಿಂತ ಹಳೆಯದು. ಅದರ ಮೇಲಿನ ಕೆತ್ತನೆಯಲ್ಲಿ ಮೂವರು ಗಂಡಸರು ಅವಳನ್ನು ಅಡ್ಡಡ್ಡ ಎತ್ತಿ ಹಿಡಿದಿದ್ದಾರೆ, ಇನ್ನೊಬ್ಬ ಕುತ್ತಿಗೆಗೆ ಕತ್ತಿ ಹಾಕಿದ್ದಾನೆ. ಹೆಂಗಸರು ಗೋಳಾಡುತ್ತಿದ್ದಾರೆ. ಒಪ್ಪಿಗೆಯ ಮಾತೇ ಅಲ್ಲಿಲ್ಲ. ನಾನು ಆ ಕಲ್ಲನ್ನೇ ನಂಬ್ತೀನಿ. ಯುದ್ಧ ಮುಗಿದ ಮೇಲೂ ಗೆದ್ದವರಿಗೆ ಒಂದು ಹುಡುಗಿಯ ರಕ್ತ ಯಾಕೆ ಬೇಕಿತ್ತು? ಅಪಶಕುನ ಅಂತಿದ್ದರೆ ಅದು ಕೇಳಿದವನ ಹೆಸರಿಗೆ ಅಂಟಬೇಕಿತ್ತು ಅಲ್ವಾ?

ಕೊನೆಗೆ ಮಗ, "ಸರಿ, ಚಿಕ್ಕದಾಗಿ ಕ್ಸೇನಿ ಅಂತ ಇಡೋಣ" ಅಂದರು. ಅಜ್ಜಿ ಅದಕ್ಕೂ ಒಪ್ಪಲಿಲ್ಲ. 'ಪೊಲಿ' ಅಂದರೆ ಬಹಳ. 'ಕ್ಸೇನೋಸ್' ಅಂದರೆ ಅತಿಥಿಯೂ ಹೌದು, ಹೊರಗಿನವನೂ ಹೌದು. ಪೂರ್ತಿ ಕರೆದರೆ ಮನೆ ತುಂಬ ಅತಿಥಿಗಳಿರುವವಳು. ಕತ್ತರಿಸಿದರೆ ಬರೀ ಪರದೇಶದವಳು. ಹಡಗು ಹತ್ತಿ ಈ ಊರಿಗೆ ಬಂದ ಅಜ್ಜಿ ಅದನ್ನು ಬೇಕಾದಷ್ಟು ಕೇಳಿಸಿಕೊಂಡಿದ್ದಾರೆ.

ಮನೆಯಲ್ಲಿ ಮುದ್ದಿಗೆ ಏನಾದರೂ ಕರೀಲಿ. ದಾಖಲೆಯಲ್ಲಿ ಪೂರ್ತಿ ಹೆಸರೇ ಬರೆಸಬೇಕು. ಮುಂದಿನ ವಾರ ಮಗ ಬಂದಾಗ ನಾನೂ ಇದನ್ನೇ ಹೇಳ್ತೀನಿ.