ಟ್ಯಾಂಕಿನಲ್ಲಿ ಕ್ಲೋರಿನ್ ಇತ್ತು, ಕೊನೆ ಮನೆ ನಲ್ಲಿಯಲ್ಲಿ ಇರಲಿಲ್ಲ

ಹಾಸನ ಜಿಲ್ಲೆಯ ಒಂದು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ನಾನು ಎಚ್‌ಐಓ, ಅಂದರೆ ಆರೋಗ್ಯ ನಿರೀಕ್ಷಣಾಧಿಕಾರಿ. ಅರಸೀಕೆರೆ ಕಡೆಯ ತೆಂಗಿನ ತೋಟದ ಊರುಗಳು ನಮ್ಮ ವ್ಯಾಪ್ತಿಗೆ ಬರುತ್ತವೆ. ಒಂದು ಬೇಸಿಗೆಯಲ್ಲಿ ನಮ್ಮ ಒಂದು ಊರಿಗೆ ಕಾಲರಾ ಬಂತು. "ಕಾಲರಾ ಈಗೆಲ್ಲಿದೆ?" ಅಂತ ಕೇಳುವವರು ಇದ್ದಾರೆ. ಹೊಸದಾಗಿ ಇಲಾಖೆಗೆ ಸೇರಿದ ಹುಡುಗರೂ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ವಾಂತಿಭೇದಿ ಶುರುವಾದ ಮೊದಲ ದಿನ ಎಲ್ಲರ ಬಾಯಲ್ಲೂ ಊಟದ್ದೇ ಮಾತು. ಊರಹಬ್ಬ ಆಗಷ್ಟೇ ಮುಗಿದಿತ್ತು. ಮನೆ ತುಂಬ ನೆಂಟರು. "ಬಾಡೂಟ ಸಾರ್, ಉಳಿದಿದ್ನ ಮಾರನೇ ದಿನಾನೂ ತಿಂದವ್ರೆ" ಅಂತ ಊರಿನವರೇ ಹೇಳಿದರು. ನಮಗೂ ಅದು ಸರಿ ಅನ್ನಿಸಿತು. ಯಾಕೆಂದರೆ ಅಷ್ಟರಲ್ಲಿ ನೀರುಗಂಟಿಯನ್ನು ಕರೆದುಕೊಂಡು ಹೋಗಿ ಓವರ್‌ಹೆಡ್ ಟ್ಯಾಂಕಿನ ನೀರಿಗೆ ಓಟಿ (ಕ್ಲೋರಿನ್ ಇದ್ದರೆ ನೀರನ್ನು ಹಳದಿ ಮಾಡುವ ದ್ರಾವಣ) ಹಾಕಿ ನೋಡಿದ್ದೆವು. ಚೆನ್ನಾಗಿ ಹಳದಿ ಬಂತು. ರಿಜಿಸ್ಟರ್‌ನಲ್ಲೂ ದಿನಾ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಅಂತಲೇ ಇತ್ತು. ನೀರು ಸರಿ ಇದೆ ಅಂದಮೇಲೆ ಉಳಿದಿದ್ದು ಊಟ ಒಂದೇ ಅಲ್ವಾ? ರೋಗಲಕ್ಷಣ ವರದಿ ಮಾಡುವ ಎಸ್ ಫಾರಂನಲ್ಲಿ ವಾಂತಿಭೇದಿ ಅಂತ ಹಾಕಿ, ಓಆರ್‌ಎಸ್ ಹಂಚಿ, ಆ ದಿನ ಮುಗಿಸಿದೆವು.

ಮಾರನೇ ದಿನ ಬೆಳಗಿನ ಜಾವ ಗೂಡ್ಸ್ ಆಟೋದಲ್ಲಿ ಒಬ್ಬ ಅಜ್ಜಿಯನ್ನು ಮಲಗಿಸಿಕೊಂಡು ತಂದರು. ಕಣ್ಣು ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ನಾಡಿ ಸಿಗಲಿಲ್ಲ, ಬಿಪಿಯೂ ಸಿಗಲಿಲ್ಲ. ಸೀರೆ ಎಲ್ಲ ಅಕ್ಕಚ್ಚಿನಂಥ ನೀರಿನಲ್ಲಿ ತೊಯ್ದಿತ್ತು. ಡಾಕ್ಟರ್ ಮೇಡಂ ಅದನ್ನು ನೋಡಿದ ಕೂಡಲೇ, "ಇದು ಊಟದ್ದಲ್ಲ. ಆರ್‌ಎಲ್ ಎಷ್ಟಿದೆ, ಎಲ್ಲಾ ತನ್ನಿ" ಅಂದರು. ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್, ನಾಳಕ್ಕೆ ಹಾಕುವ ಡ್ರಿಪ್.

ರಕ್ತನಾಳ ಸಿಗುತ್ತಿರಲಿಲ್ಲ. ಮೈಯಲ್ಲಿ ನೀರೇ ಇಲ್ಲದಿದ್ದರೆ ನಾಳ ಕುಸಿದುಹೋಗಿರುತ್ತದೆ. ಸಿಸ್ಟರ್ ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿದರು. ಆಮೇಲೆ ಕಾಲು ನೋಡಿದರು. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಕರೆಂಟ್ ಬೇರೆ ಹೋಗಿತ್ತು. ಮಗ ಬಾಗಿಲಲ್ಲಿ ನಿಂತು ಅಳುತ್ತಿದ್ದ. "ಕುಡಿಸಿದ್ದೆಲ್ಲ ಹೊರಗೇ ಹೋಗ್ತಿತ್ತು ಸಾರ್, ಅದಕ್ಕೇ ರಾತ್ರಿಯಿಂದ ನೀರು ನಿಲ್ಲಿಸಿಬಿಟ್ವಿ" ಅಂದ. ಕೊನೆಗೆ ಮೇಡಂ ಮೊಣಕೈ ಹತ್ತಿರ ನಾಳ ಹಿಡಿದರು. ಇಷ್ಟು ಒಣಗಿದವರಿಗೆ ಕೆಜಿಗೆ 30 ಎಂಎಲ್ ಲೆಕ್ಕದಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಹೋಗಬೇಕು. 40 ಕೆಜಿ ತೂಕ ಅಂದರೆ 1.2 ಲೀಟರ್. ಬಾಟಲಿ ತಾನಾಗಿ ಇಳಿಯಲಿ ಅಂತ ಕಾದರೆ ಆಗಲ್ಲ. ಕೈಯಲ್ಲಿ ಹಿಂಡಿ ಹಿಂಡಿ ಇಳಿಸಿದೆವು. ನಾಡಿ ಬೆರಳಿಗೆ ತಾಗಿದಾಗ ಸಿಸ್ಟರ್ ಜೋರಾಗಿ ಕೂಗಿಯೇಬಿಟ್ಟರು. ಸ್ವಲ್ಪ ಹೊತ್ತಿಗೆ ಅಜ್ಜಿ ನೀರು ಕೇಳಿದರು. ಆಮೇಲೆ 108ರಲ್ಲಿ ಹಾಸನಕ್ಕೆ ಕಳಿಸಿದೆವು. ಬದುಕಿ ಮನೆಗೆ ಬಂದರು.

ಆ ಮಗನ ಮಾತು ನನಗೆ ಇನ್ನೂ ಚುಚ್ಚುತ್ತದೆ. ಈ ರೋಗದಲ್ಲಿ ಕೊಲ್ಲುವುದು ನೀರು ಕಳೆದುಕೊಳ್ಳುವುದು. ಕಲ್ಕತ್ತೆಯ ವೈದ್ಯ ವಿಜ್ಞಾನಿ ಶಂಭುನಾಥ್ ಡೇ 1959ರಲ್ಲೇ ಇದರ ಮೂಲ ತೋರಿಸಿದರು. ಕರುಳಿನಲ್ಲಿ ಕೂತ ರೋಗಾಣು ಒಂದು ವಿಷ ಬಿಡುತ್ತದೆ. ಆ ವಿಷ ಮೈಯ ನೀರನ್ನು ಕರುಳಿಗೆ ಎಳೆದು ಸುರಿಸುತ್ತದೆ. ಜೋರಾದರೆ ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಹುದು. ಆದರೆ ಸಕ್ಕರೆ ಮತ್ತು ಉಪ್ಪನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳುವ ಕರುಳಿನ ದಾರಿ ಆಗಲೂ ತೆರೆದೇ ಇರುತ್ತದೆ. ನೀರೂ ಅದರ ಜೊತೆ ಒಳಗೆ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಇದರಿಂದಲೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು, ಗ್ಲೂಕೋಸ್, ಸೋಡಾ ಕಲಸಿದ ನೀರು ಇಟ್ಟರು. ರೋಗಿಗಳಿಗೆ ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ಸುಮಾರು ಶೇ. 30ರಿಂದ ಶೇ. 4ಕ್ಕಿಂತ ಕೆಳಗೆ ಇಳಿಯಿತು. ಇಷ್ಟು ವರ್ಷ ಆದರೂ ನಮ್ಮ ಊರುಗಳಲ್ಲಿ "ಭೇದಿ ಇದ್ದಾಗ ನೀರು ಕೊಡಬೇಡಿ" ಅನ್ನುವವರು ಇದ್ದಾರೆ. ಪೊಟ್ಟಣ ಹಂಚಿ ಸಹಿ ತೆಗೆದುಕೊಂಡರೆ ಸಾಲದು. ಒಂದು ಲೀಟರ್ ನೀರು ಅಳೆದು, ಕಲಸಿ, ನಮ್ಮೆದುರಿಗೇ ಕುಡಿಸಬೇಕು.

ಅಜ್ಜಿಯನ್ನು ಕಳಿಸಿದ ಮೇಲೆ ಆಶಾ ಅಕ್ಕನನ್ನು ಕರೆದುಕೊಂಡು ಮನೆ ಮನೆ ತಿರುಗಿ ಲೈನ್ ಲಿಸ್ಟ್ (ಒಬ್ಬೊಬ್ಬ ರೋಗಿಯ ವಿವರದ ಪಟ್ಟಿ) ಬರೆಯಲು ಶುರು ಮಾಡಿದೆವು. ಊಟದ ಕಥೆ ನಿಲ್ಲಲಿಲ್ಲ. ಒಂದೇ ಊಟ ಕೆಟ್ಟಿದ್ದರೆ ಎಲ್ಲರೂ ಹೆಚ್ಚುಕಮ್ಮಿ ಒಟ್ಟಿಗೇ ಮಲಗಬೇಕಿತ್ತು. ಇಲ್ಲಿ ದಿನಕ್ಕಿಷ್ಟು ಜನ ಬೀಳುತ್ತಿದ್ದರು. ಕಾಲರಾ ಹಾಗೇ. ಕೆಲವರಿಗೆ ಕೆಲವೇ ಗಂಟೆಯಲ್ಲಿ ಬರುತ್ತದೆ, ಕೆಲವರಿಗೆ ಐದು ದಿನದವರೆಗೂ ಹಿಡಿಯುತ್ತದೆ. ಬಾಡು ಮುಟ್ಟದ ಮನೆಯಲ್ಲೂ ಇಬ್ಬರು ಮಲಗಿದ್ದರು. ಅದೇ ಬೀದಿಯಲ್ಲಿ ಸ್ವಂತ ಬೋರ್ ಇದ್ದ ಒಂದು ದೊಡ್ಡ ಮನೆ. ಹಬ್ಬದೂಟ ಅವರದೇ ಜಾಸ್ತಿ. ಆದರೆ ಅಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ.

ಡಿಪ್ಲೊಮಾದಲ್ಲಿ ಓದಿದ ಇಂಗ್ಲಿಷ್ ಡಾಕ್ಟರ್ ಜಾನ್ ಸ್ನೋ ಅಲ್ಲೇ ನೆನಪಾದರು. 1854ರ ಲಂಡನ್. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದ ಕಾಲ. ಸ್ನೋ ಸತ್ತವರ ಮನೆಗಳಿಗೆ ಹೋಗಿ ಯಾವ ನೀರು ಕುಡಿದರು ಅಂತ ಕೇಳಿದರು. ಬ್ರಾಡ್ ಸ್ಟ್ರೀಟ್ ಪಂಪಿನ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಆ ನೀರು ಮುಟ್ಟುತ್ತಿರಲಿಲ್ಲ, ಅವರು ಉಳಿದರು. ದೂರದ ಹ್ಯಾಂಪ್‌ಸ್ಟೆಡ್‌ನ ಒಬ್ಬ ವಿಧವೆ ಆ ಪಂಪಿನ ನೀರೇ ಬೇಕು ಅಂತ ತರಿಸಿಕೊಂಡು ಕುಡಿದು ಸತ್ತರು. ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿ ತೆಗೆಸಿದರು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕೋಖ್ ಕಲ್ಕತ್ತೆಯಲ್ಲಿ ಈ ರೋಗಾಣುವನ್ನು ಬೇರ್ಪಡಿಸಿದ್ದು 1884ರಲ್ಲಿ, ಅಂದರೆ ಮೂವತ್ತು ವರ್ಷ ಆದಮೇಲೆ. ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಕಲ್ಚರ್ ರಿಪೋರ್ಟ್ ಬರಲಿ, ಆಮೇಲೆ ನೀರು ನಿಲ್ಲಿಸೋಣ ಅನ್ನುವ ಮೇಲಿನವರಿಗೆ ಇದನ್ನು ಪ್ರತಿ ಮೀಟಿಂಗಿನಲ್ಲೂ ಹೇಳಬೇಕು.

ಮಲಗಿದವರೆಲ್ಲ ಪೈಪ್‌ಲೈನಿನ ಕೊನೆಯ ಎರಡು ಬೀದಿಯವರು. ಅಲ್ಲಿಯ ನಲ್ಲಿ ನೀರಿಗೆ ಓಟಿ ಹಾಕಿದೆವು. ಬಣ್ಣವೇ ಬರಲಿಲ್ಲ. ನೀರಿಗೆ ಮಲ ಸೇರಿದೆಯಾ ಅಂತ ನೋಡುವ ಎಚ್2ಎಸ್ ಬಾಟಲಿ ಮಾರನೇ ದಿನಕ್ಕೆ ಕಪ್ಪಾಯಿತು, ಅಂದರೆ ಸೇರಿದೆ ಅಂತ. ಲೈನ್ ಹಿಡಿದು ವಾಪಸ್ ನಡೆದರೆ ವಾಲ್ವ್ ಗುಂಡಿ ಸಿಕ್ಕಿತು. ಪಕ್ಕದಲ್ಲೇ ಚರಂಡಿ ಕಟ್ಟಿಕೊಂಡು ಗುಂಡಿ ತುಂಬಿತ್ತು. ವಾಲ್ವ್ ಪೂರ್ತಿ ಮುಳುಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ನೀರು ಇಪ್ಪತ್ತನಾಲ್ಕು ಗಂಟೆ ಬರುವುದಿಲ್ಲ. ನೀರು ಬಿಟ್ಟಾಗ ಒತ್ತಡಕ್ಕೆ ವಾಲ್ವಿನಿಂದ ನೀರು ಹೊರಗೆ ಸೋರುತ್ತದೆ. ನಿಲ್ಲಿಸಿದಾಗ ಪೈಪ್ ಖಾಲಿಯಾಗುತ್ತಾ ಹೊರಗಿನ ಕೊಳಚೆಯನ್ನು ಅದೇ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಎಷ್ಟೇ ಕ್ಲೋರಿನ್ ಹಾಕಿರಿ, ಒಳಗೆ ಬಂದ ಕೊಳಚೆ ಅದನ್ನು ತಿಂದು ಮುಗಿಸುತ್ತದೆ. ಟ್ಯಾಂಕಿನ ಕೆಳಗೆ ನಿಂತು ಹಳದಿ ಬಂತು ಅಂತ ಬರೆದರೆ ಕೊನೆ ಬೀದಿಯ ಬಗ್ಗೆ ಏನೂ ಗೊತ್ತಾಗಲ್ಲ. ಓಟಿ ಕೊನೆ ಮನೆ ನಲ್ಲಿಯಲ್ಲೇ ಹಾಕಬೇಕು. ನೀರು ಬಿಟ್ಟ ಮೊದಲ ಕೊಡದಲ್ಲೇ ಹಾಕಬೇಕು. ಬ್ಲೀಚಿಂಗ್ ಮೂಟೆಯನ್ನೂ ನೋಡಿ. ಹೊಸದಾಗಿದ್ದಾಗ ಅದರಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿ ಪಂಪ್‌ಹೌಸ್ ಮೂಲೆಯಲ್ಲಿ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಆಮೇಲೆ ಹಾಕಿದರೆ ಸುಮ್ನೆ ಸುಣ್ಣದ ಪುಡಿ ಹಾಕಿದ ಹಾಗೆ.

ಲೈನ್ ಬಂದ್ ಮಾಡಿ ಟ್ಯಾಂಕರ್ ನೀರು ತರಿಸಿದೆವು. ಟ್ಯಾಂಕರಿಗೂ ಕ್ಲೋರಿನ್ ಹಾಕಿ, ಅರ್ಧ ಗಂಟೆ ಬಿಟ್ಟು, ಓಟಿ ನೋಡಿಯೇ ಹಂಚಿದೆವು. ಕಾಯಿಸಿ ಕುಡಿಯಿರಿ ಅಂತ ಮೈಕ್‌ನಲ್ಲಿ ಕೂಗಿಸಿದೆವು. ಹೊಸ ರೋಗಿಗಳಿಗೆ ಮಾತ್ರೆ ಕೊಡುವ ಮುಂಚೆಯೇ ಮಲದ ಸ್ವಾಬ್ ತೆಗೆದು ಕ್ಯಾರಿ ಬ್ಲೇರ್‌ನಲ್ಲಿ (ಲ್ಯಾಬ್ ತಲುಪುವವರೆಗೆ ರೋಗಾಣು ಸಾಯದಂತೆ ಇಡುವ ಮಾಧ್ಯಮ) ಲ್ಯಾಬಿಗೆ ಕಳಿಸಿದೆವು. ಪಾಸಿಟಿವ್ ಅಂತ ರಿಪೋರ್ಟ್ ಬರುವ ಹೊತ್ತಿಗೆ ಹೊಸ ಕೇಸು ಬಹುತೇಕ ನಿಂತಿದ್ದವು.

ಊರಿನಲ್ಲಿ "ಯಾರು ತಂದರು" ಅನ್ನುವ ಜಗಳ ಶುರುವಾಗಿತ್ತು. ಹೊರಗಿನಿಂದ ಕೊಬ್ಬರಿ ಕೆಲಸಕ್ಕೆ ಬಂದವರ ಮೇಲೆ ಬೆರಳು ತೋರಿಸಿದರು. ನಾವು ಅದಕ್ಕೆ ಅವಕಾಶ ಕೊಡಲಿಲ್ಲ. ರೋಗಾಣು ಹೊಕ್ಕ ಬಹಳ ಜನರಿಗೆ ಏನೂ ಆಗುವುದಿಲ್ಲ, ಆಗದೆಯೂ ಕೆಲವು ದಿನ ಮಲದಲ್ಲಿ ಹೊರಹಾಕುತ್ತಾರೆ. ಹಬ್ಬಕ್ಕೆ ಬಂದ ಯಾವ ನೆಂಟರಾದರೂ ಇರಬಹುದು. ಚರಂಡಿ ನೀರು ಪೈಪಿಗೆ ಹೋಗದಿದ್ದರೆ ಯಾರು ತಂದಿದ್ದರೂ ಅದು ಹೀಗೆ ಎರಡು ಬೀದಿಗೆ ಹರಡುತ್ತಿರಲಿಲ್ಲ.

ಆಮೇಲೆ ಗೊತ್ತಾಗಿದ್ದು ಇನ್ನೊಂದು. ಹಬ್ಬಕ್ಕೆ ಮುಂಚೆಯೇ ಆಶಾ ಅಕ್ಕ ವಾಟ್ಸಾಪ್ ಗ್ರೂಪಿನಲ್ಲಿ "ಕೊನೇ ಬೀದಿ ನೀರು ವಾಸ್ನೆ ಬರ್ತಿದೆ" ಅಂತ ಹಾಕಿದ್ದರು. ಅದರ ಕೆಳಗೆ ಪೋರ್ಟಲ್ ಎಂಟ್ರಿ ಬಾಕಿ ಇದೆ, ಫೋಟೋ ಕಳಿಸಿ, ಟಾರ್ಗೆಟ್ ಎಷ್ಟಾಯ್ತು ಅನ್ನುವ ಮೆಸೇಜುಗಳ ಸಾಲು. ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ಈಗ ನೀರಿನ ದೂರಿಗೆ ಅಂತಲೇ ಬೇರೆ ಗ್ರೂಪ್ ಮಾಡಿದ್ದೇವೆ. ಅದರಲ್ಲಿ ಆಶಾಗಳು, ನೀರುಗಂಟಿಗಳು, ಪಿಡಿಓ ಮತ್ತು ನಾನು ಮಾತ್ರ ಇದ್ದೇವೆ.

ಆ ಊರಿನ ವಾಲ್ವ್ ಬದಲಾಯಿತು, ಗುಂಡಿಗೆ ಕಟ್ಟೆ ಕಟ್ಟಿಸಿದರು. ಚರಂಡಿಯೊಳಗೆ ವಾಲ್ವ್ ಇರುವ ಬೇರೆ ಊರುಗಳ ಪಟ್ಟಿಯನ್ನು ಫೋಟೋ ಸಮೇತ ಕೊಟ್ಟಿದ್ದೇನೆ. ಅನುದಾನ ಬಂದಮೇಲೆ ನೋಡೋಣ ಅಂದಿದ್ದಾರೆ. ಪ್ರತಿ ತಿಂಗಳ ಮೀಟಿಂಗಿಗೂ ಆ ಪಟ್ಟಿ ತೆಗೆದುಕೊಂಡೇ ಹೋಗುತ್ತೇನೆ.