ನೀರು ಬಂದ ದಾರಿ

ಆರು ವರ್ಷಗಳ ಹಿಂದೆ ನಾನು ಕೊಂಡ ಮೋಟರ್‌ಹೋಮ್ 1994ರಲ್ಲಿ ತಯಾರಾದದ್ದು. ಎಂಜಿನ್ ಗಟ್ಟಿಯಾಗಿತ್ತು, ಅದರ ಬೆನ್ನ ಮೇಲಿನ ಮನೆ ಮಾತ್ರ ಬಹಳ ದಣಿದಿತ್ತು. ಅಂದಿನಿಂದ ನನ್ನ ಬಿಡುವಿನ ದಿನಗಳೆಲ್ಲ ಅದರ ಒಂದಲ್ಲ ಒಂದು ಮೂಲೆಯಲ್ಲಿ ಕಳೆದಿವೆ. ನೀರಿನ ಪಂಪು ಬದಲಾಯಿತು, ಹಳೆಯ ಲೆಡ್ ಆ್ಯಸಿಡ್ ಬ್ಯಾಟರಿಯ ಜಾಗಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಂತು, ಚಾವಣಿಯ ಮೇಲೆ ಎರಡು ಸೋಲಾರ್ ಫಲಕಗಳು ಕುಳಿತವು. ಇವೆಲ್ಲವೂ ಸಂತೋಷ ಕೊಟ್ಟ ಕೆಲಸಗಳೇ. ಆದರೆ ಈ ಗಾಡಿಯನ್ನು ನಾನು ನಿಜವಾಗಿ ಅರಿತದ್ದು ಕಳೆದ ವರ್ಷದ ಒಂದು ಶನಿವಾರ, ನೀರಿನ ಪೈಪು ಹಿಡಿದು ಏಣಿಯ ಮೇಲೆ ನಿಂತಿದ್ದ ದಿನ.

ಮೊದಲು ತಿಳಿದದ್ದು ಮೂಗಿಗೆ. ಕೆಲವು ವಾರ ಮುಚ್ಚಿಟ್ಟಿದ್ದ ಗಾಡಿಯ ಬಾಗಿಲು ತೆರೆದಾಗ ಒಳಗಿನಿಂದ ಕಮಟು ವಾಸನೆ ಬಂತು. ಬೆಳಕಿಂಡಿಯ ಅಂಚಿನಲ್ಲಿದ್ದ ಅಂಗೈಯಗಲದ ಕಂದು ಕಲೆ ಎರಡರಷ್ಟಾಗಿತ್ತು. ಆ ಕಲೆ ನನಗೆ ಹೊಸದಲ್ಲ. ಹಿಂದಿನ ವರ್ಷವೇ ಅದನ್ನು ಕಂಡು, ಸೋರಿಕೆ ಬೆಳಕಿಂಡಿಯದೇ ಎಂದು ನಿಶ್ಚಯಿಸಿ, ಅದರ ಸುತ್ತ ಸಂದು ಮುಚ್ಚುವ ಸಿಲಿಕೋನ್ ಬಳಿದು ಕೆಲಸ ಮುಗಿಯಿತೆಂದುಕೊಂಡಿದ್ದೆ. ಅದು ಎರಡು ಬಗೆಯಲ್ಲಿ ತಪ್ಪಾಗಿತ್ತು. ನೀರು ಎಲ್ಲಿ ಕಂಡಿತೋ ಅಲ್ಲಿಂದಲೇ ಒಳಗೆ ಬಂದಿದೆ ಎಂದು ನಂಬಿದ್ದು ಒಂದು. ಒಮ್ಮೆ ಸಿಲಿಕೋನ್ ಬಳಿದ ಜಾಗದಲ್ಲಿ ಅದರ ತೆಳುಪೊರೆ ಉಳಿದಿರುವವರೆಗೆ ಬೇರೆ ಯಾವ ಸೀಲೆಂಟೂ (ಸಂದಿಗೆ ತುಂಬುವ ಅಂಟು) ಗಟ್ಟಿಯಾಗಿ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ ಹಿಡಿಯುವುದಿಲ್ಲ ಎಂಬುದನ್ನು ತಿಳಿಯದೆ ಹೋದದ್ದು ಇನ್ನೊಂದು. ನಾನು ಬಳಿದದ್ದನ್ನು ಪ್ಲಾಸ್ಟಿಕ್ ಉಳಿಯಿಂದ ಹೆರೆದು ತೆಗೆಯಲು ಪೂರ್ತಿ ಒಂದು ಮಧ್ಯಾಹ್ನ ಬೇಕಾಯಿತು.

ಈ ಬಾರಿ ಮರದ ತೇವ ಅಳೆಯುವ ಮೀಟರ್ ತಂದೆ. ಎರಡು ಸೂಜಿಗಳನ್ನು ಮರಕ್ಕೆ ಒತ್ತಿದರೆ ಶೇಕಡಾವಾರು ತೇವಾಂಶ ತೋರಿಸುವ ಸಣ್ಣ ಸಾಧನವದು. ಮರದ ತೇವಾಂಶ ಶೇ 20ನ್ನು ದಾಟಿ ಬಹುಕಾಲ ಹಾಗೆಯೇ ಉಳಿದರೆ ಕೊಳೆಯುವ ಅಪಾಯವಿದೆ. ಬೆಳಕಿಂಡಿಯ ಬಳಿ ಮೀಟರ್ 24 ತೋರಿಸಿತು. ಅಲ್ಲಿಂದ ಗಾಡಿಯ ಮುಂಭಾಗದತ್ತ ಒಂದೊಂದು ಗೇಣಿಗೆ ಒತ್ತುತ್ತ ಹೋದಂತೆ ಅಂಕಿ ಇಳಿಯುವ ಬದಲು ಏರುತ್ತಲೇ ಹೋಗಿ, ಮೇಲಿನ ಕಪಾಟಿನ ಹಿಂದಿನ ಮೂಲೆಯಲ್ಲಿ 31 ಆಯಿತು. ಅಲ್ಲಿ ಕಲೆಯೇ ಇರಲಿಲ್ಲ. ಗೋಡೆಯ ಕಾಗದ ಹೊಸದರಂತೆ ನಯವಾಗಿತ್ತು. ಬೆರಳಿನಿಂದ ಒತ್ತಿದಾಗ ಮಾತ್ರ ಅದರ ಹಿಂದಿನ ಪ್ಲೈವುಡ್ ಒದ್ದೆ ರಟ್ಟಿನಂತೆ ಒಳಕ್ಕೆ ತಗ್ಗಿತು.

ಆ ಕಾಲದ ಇಂಥ ಗಾಡಿಗಳ ಗೋಡೆ ಹೇಗಿರುತ್ತದೆಂದು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ. ಹೊರಗೆ ತೆಳುವಾದ ಅಲ್ಯೂಮಿನಿಯಂ ಹಾಳೆ, ಒಳಗೆ ತೆಳು ಪ್ಲೈವುಡ್, ನಡುವೆ ಮರದ ರೀಪುಗಳ ಚೌಕಟ್ಟು, ರೀಪುಗಳ ಸಂದಿನಲ್ಲಿ ಥರ್ಮೋಕೋಲ್. ಗೋಡೆಯೂ ಚಾವಣಿಯೂ ಸೇರುವ ಅಂಚಿನ ಮೇಲೆ ಅಲ್ಯೂಮಿನಿಯಂ ಪಟ್ಟಿಯನ್ನಿಟ್ಟು, ಅದರ ಕೆಳಗೆ ಮೆತ್ತನೆಯ ಸೀಲೆಂಟ್ ಹಾಕಿ, ಸ್ಕ್ರೂಗಳಿಂದ ಮರಕ್ಕೆ ಬಿಗಿದಿರುತ್ತಾರೆ. ಸ್ಕ್ರೂಗಳ ತಲೆ ಕಾಣದಂತೆ ಪಟ್ಟಿಯ ತೋಡಿನಲ್ಲಿ ಒಂದು ಪ್ಲಾಸ್ಟಿಕ್ ದಾರವನ್ನು ಕೂರಿಸಿರುತ್ತಾರೆ. ಬಿಸಿಲಿಗೆ ಆ ದಾರ ಕುಗ್ಗುತ್ತದೆ, ಸೀಲೆಂಟ್ ಒಣಗಿ ಗಡುಸಾಗುತ್ತದೆ, ಓಡುವಾಗ ಇಡೀ ಮನೆ ಅಷ್ಟಿಷ್ಟು ತಿರುಚುತ್ತದೆ. ಮೂವತ್ತು ವರ್ಷ ಹೀಗೆ ನಡೆದ ಮೇಲೆ ಪ್ರತಿಯೊಂದು ಸ್ಕ್ರೂ ನೀರಿಗೆ ಒಂದು ಬಾಗಿಲಾಗಬಲ್ಲದು.

ಅನುಮಾನ ಇದ್ದ ಮಾತ್ರಕ್ಕೆ ಪಟ್ಟಿ ಬಿಚ್ಚಲು ಮನಸ್ಸಾಗಲಿಲ್ಲ. ಒಮ್ಮೆ ತಪ್ಪಾಗಿ ನಿಶ್ಚಯಿಸಿದ್ದು ಸಾಕಾಗಿತ್ತು. ಆದ್ದರಿಂದ ಆ ಶನಿವಾರ ಬೆಳಿಗ್ಗೆ ಕಪಾಟನ್ನು ಕಳಚಿ, ಮೆತ್ತಗಾಗಿದ್ದ ಪ್ಲೈವುಡ್ಡನ್ನು ಕೊಯ್ದು ತೆಗೆದು, ಮಗಳನ್ನು ಟಾರ್ಚಿನೊಂದಿಗೆ ಒಳಗೆ ಕೂರಿಸಿ, ನಾನು ಹೊರಗೆ ನೀರು ಬಿಡಲು ನಿಂತೆ. ಇಲ್ಲಿ ಕ್ರಮ ಬಹಳ ಮುಖ್ಯ. ಮೇಲಿನಿಂದ ಆರಂಭಿಸಿದರೆ ನೀರು ಇಳಿಯುತ್ತ ಎಲ್ಲ ಜೋಡಣೆಗಳನ್ನೂ ತೋಯಿಸುವುದರಿಂದ ಯಾವುದು ಸೋರಿತೆಂದು ಹೇಳಲಾಗದು. ಆದ್ದರಿಂದ ಕಿಟಕಿಯ ಕೆಳಗಿನಿಂದ ಶುರುಮಾಡಿ, ಒಂದೊಂದು ಜಾಗಕ್ಕೆ ಹತ್ತು ಹದಿನೈದು ನಿಮಿಷ ಮಳೆಯಂತೆ ಮೆಲ್ಲಗೆ ನೀರು ಬಿಟ್ಟು, ಒಳಗೆ ಒಣಗಿದೆ ಎಂಬ ಉತ್ತರ ಬಂದ ಮೇಲೆ ಒಂದು ಮೊಳ ಮೇಲೇರಬೇಕು. ಒತ್ತಡದ ನೀರನ್ನಂತೂ ಬಳಸಲೇಬಾರದು. ಅದು ಸರಿಯಾಗಿರುವ ಸೀಲನ್ನೂ ಭೇದಿಸಿಕೊಂಡು ಒಳನುಗ್ಗುತ್ತದೆ.

ಕಿಟಕಿಯಲ್ಲಿ ಏನೂ ಇಲ್ಲ. ದೀಪದ ಬುಡದಲ್ಲಿ ಏನೂ ಇಲ್ಲ. ಎರಡು ಗಂಟೆ ಕಳೆದಿತ್ತು. ಅಂಚಿನ ಪಟ್ಟಿಗೆ ನೀರು ತಗುಲಿ ನಾಲ್ಕು ನಿಮಿಷವೂ ಆಗಿರಲಿಲ್ಲ, ಒಳಗಿನಿಂದ ಕೂಗು ಕೇಳಿತು: “ಅಪ್ಪಾ, ಬಂತು! ಮರದ ಮೇಲೆ ಹರೀತಾ ಇದೆ!” ಪೈಪನ್ನು ಕೆಳಗೆ ಬಿಟ್ಟು ಒಳಗೆ ಓಡಿದೆ. ಒಂದು ಸ್ಕ್ರೂವಿನ ತುದಿಯಲ್ಲಿ ಹನಿಯೊಂದು ಮೂಡಿ, ರೀಪಿನ ಬೆನ್ನ ಮೇಲೆ ಇಳಿದು, ಅದರ ಉದ್ದಕ್ಕೂ ಹಿಂದಕ್ಕೆ ಸಾಗುತ್ತಿತ್ತು. ಗಾಡಿ ನಿಲ್ಲುವ ಜಾಗದಲ್ಲಿ ಅದರ ಮುಂಭಾಗ ತುಸು ಎತ್ತರಕ್ಕಿರುತ್ತದೆ. ನೀರು ಆ ಇಳಿಜಾರನ್ನೇ ಹಿಡಿದು, ಒಂದು ಮೀಟರಿಗಿಂತ ಹೆಚ್ಚು ದೂರ ಹೋಗಿ, ಬೆಳಕಿಂಡಿಯ ಚೌಕಟ್ಟು ಅಡ್ಡ ಬಂದಲ್ಲಿ ಮಾತ್ರ ಕೆಳಗಿಳಿದು ಕಲೆಯಾಗುತ್ತಿತ್ತು. ನಾನು ಒಂದು ವರ್ಷ ದೂರಿದ್ದ ಬೆಳಕಿಂಡಿಯಲ್ಲಿ ಯಾವ ದೋಷವೂ ಇರಲಿಲ್ಲ.

ಪ್ಲಾಸ್ಟಿಕ್ ದಾರ ಎಳೆದಾಗ ಒಳಗಿನ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು. ಮೂರರ ತಲೆ ಕೈಯಲ್ಲೇ ಉದುರಿತು. ಪಟ್ಟಿಯ ಕೆಳಗಿನ ರೀಪು ಒಂದು ತೋಳುದ್ದಕ್ಕೆ ಕುಂಬಾಗಿ, ಉಳಿ ಇಟ್ಟರೆ ಪುಡಿಪುಡಿಯಾಗಿ ಬರುತ್ತಿತ್ತು. ಅದನ್ನು ನೋಡಿ ಮನಸ್ಸು ಕುಗ್ಗಿತೆಂಬುದು ನಿಜ. ಆದರೂ ಗಟ್ಟಿ ಮರ ಸಿಗುವವರೆಗೆ ಕೆತ್ತಿ, ಅದಕ್ಕೂ ಒಂದು ಗೇಣು ಮುಂದೆ ಹೋಗಿ ನಿಲ್ಲಿಸಿದೆ.

ಒಣಗಿಸಲು ಮೂರು ವಾರ ಬೇಕಾಯಿತು. ಈ ಹಂತದಲ್ಲಿ ಅವಸರ ಮಾಡಿದರೆ ತೇವವನ್ನು ಒಳಗೇ ಇಟ್ಟು ಮುಚ್ಚಿದಂತಾಗುತ್ತದೆ. ಅಂಕಿ 14ಕ್ಕೆ ಇಳಿದ ಮೇಲೆ ಹೊಸ ರೀಪನ್ನು ಅಂಟು ಹಾಕಿ ಕೂರಿಸಿ, ಪಟ್ಟಿಯ ಕೆಳಗೆ ಬ್ಯೂಟೈಲ್ ಟೇಪ್ (ರಬ್ಬರಿನಂಥ ಅಂಟುಪಟ್ಟಿ) ಹಾಸಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳಿಂದ ಬಿಗಿದೆ. ಬ್ಯೂಟೈಲ್ ಪೂರ್ತಿ ಗಡುಸಾಗದೆ ಮೆತ್ತಗೇ ಉಳಿಯುವುದರಿಂದ ಗಾಡಿ ತಿರುಚಿದಾಗ ಅದೂ ಜೊತೆಗೆ ಬಾಗುತ್ತದೆ. ಬಿಗಿದ ಒಂದೆರಡು ದಿನಗಳಲ್ಲಿ ಅದು ಹಿಂಡಿಕೊಂಡು ಹೊರಬರುತ್ತದೆ. ಆಗ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿದು, ಹೊರಬಂದದ್ದನ್ನು ಕತ್ತರಿಸಬೇಕು.

ಗೋಡೆ ತೆರೆದೇ ಇದ್ದುದರಿಂದ ಬಹುದಿನಗಳ ಇನ್ನೊಂದು ಕೊರತೆಯೂ ನೀಗಿತು. ಬ್ಯಾಟರಿಯಿಂದ ಫ್ರಿಜ್‌ಗೆ ಹೋಗುವ ಹಳೆಯ ತಂತಿ ಅದೇ ಗೋಡೆಯೊಳಗಿತ್ತು, ಅದರ ದಪ್ಪ 1.5 ಚದರ ಮಿಲಿಮೀಟರ್. ಹೋಗಿಬರುವ ದಾರಿ ಸೇರಿ 12 ಮೀಟರ್ ತಂತಿಯಲ್ಲಿ 5 ಆಂಪಿಯರ್ ಹರಿದರೆ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಮನೆಯ ವಿದ್ಯುತ್ತಿನಲ್ಲಿ ಇದು ಲೆಕ್ಕಕ್ಕಿಲ್ಲ, 12 ವೋಲ್ಟಿನ ವ್ಯವಸ್ಥೆಯಲ್ಲಿ ಬಹಳ ದೊಡ್ಡದು. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಕರೆಂಟು ಇನ್ನೂ ಹೆಚ್ಚಾಗಿ, ಬ್ಯಾಟರಿ ತುಂಬಿದ್ದರೂ ಫ್ರಿಜ್ ಅದು ಬರಿದಾಯಿತೆಂದು ತಿಳಿದು ನಿಂತುಬಿಡುತ್ತಿತ್ತು. 6 ಚದರ ಮಿಲಿಮೀಟರ್ ತಂತಿ ಎಳೆದ ಮೇಲೆ ನಷ್ಟ 0.2 ವೋಲ್ಟಿಗಿಂತ ಕಡಿಮೆಯಾಯಿತು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂರಿಸಿದೆ; ಫ್ಯೂಸ್ ಇರುವುದು ತಂತಿಯನ್ನು ಕಾಯಲು, ಆದ್ದರಿಂದ ಅದು ತಂತಿ ಹೊರಡುವಲ್ಲೇ ಇರಬೇಕು. ದುಬಾರಿ ಬ್ಯಾಟರಿ ಹಾಕಿದಾಗಲೂ ನಿಲ್ಲದಿದ್ದ ತೊಂದರೆ ಒಂದು ತಂತಿಯಿಂದ ನಿಂತಿತು.

ಅದೇ ದಿನಗಳಲ್ಲಿ ಅಡುಗೆಕಟ್ಟೆಯ ಕೆಳಗೆ, ನೆಲದಲ್ಲಿದ್ದ ತೂತಿಗೆ ಬಟ್ಟೆ ತುರುಕಿದ್ದು ಕಣ್ಣಿಗೆ ಬಿತ್ತು. ಚಳಿಗಾಳಿ ತಡೆಯಲೆಂದು ಹಿಂದೆ ಯಾರೋ ಮುಚ್ಚಿದ್ದಿರಬೇಕು. ಅದನ್ನು ಕೂಡಲೇ ತೆಗೆದೆ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆಯೇ ಶೇಖರವಾಗುತ್ತದೆ, ಅದು ಹೊರಗೆ ಇಳಿದುಹೋಗಲೆಂದೇ ಆ ತೂತು. ವಾರಗಟ್ಟಲೆ ತೂತು ಮುಚ್ಚುವುದರಲ್ಲೇ ಮುಳುಗಿದ್ದ ನನಗೆ, ಮುಚ್ಚಬಾರದ ಒಂದನ್ನು ತೆರೆದದ್ದೇ ಹೆಚ್ಚು ಸಮಾಧಾನ ಕೊಟ್ಟಿತು.

ಮೊದಲ ದೊಡ್ಡ ಮಳೆ ಬಂದ ರಾತ್ರಿ ಮಗಳೂ ನಾನೂ ಗಾಡಿಯೊಳಗೆ ಹೋಗಿ ಕುಳಿತೆವು. ಚಾವಣಿಯ ಮೇಲೆ ಮಳೆಯ ಸದ್ದು ಜೋರಾಗಿತ್ತು. ಅವಳು ಹೊಸ ಪ್ಲೈವುಡ್ಡಿಗೆ ಮೀಟರ್ ಒತ್ತಿ 13 ಎಂದಳು. ಬೆಳಕಿಂಡಿಯ ಬಳಿಯೂ 13. ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ತಾರೀಖಿನೊಂದಿಗೆ ಬರೆದುಕೊಂಡೆ. ಆಮೇಲೆ ಅವಳು ಎದುರು ಗೋಡೆಯ ಮೂಲೆಗೂ ಸೂಜಿ ಒತ್ತಿದಳು. ಅಲ್ಲಿ 19 ಇತ್ತು. ಮಳೆ ನಿಂತ ಮೇಲೆ ಆ ಬದಿಯ ಪಟ್ಟಿಯನ್ನೂ ಬಿಚ್ಚುವುದೆಂದು ಅದೇ ಪುಟದ ಕೆಳಗೆ ಬರೆದೆ.