ಒಬ್ಬರೂ ಇಲ್ಲದ ಊರಿಗೆ ಮೇಯರ್ ಯಾಕೆ?

ನಾನಿರುವುದು ಲಕ್ಸೆಂಬರ್ಗ್‌ನಲ್ಲಿ. ಊರಿಂದ ಯಾರೇ ಬರಲಿ, ಪ್ಯಾರಿಸ್ಸು, ಸ್ವಿಟ್ಜರ್‌ಲ್ಯಾಂಡು ಅವರ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ನಡುವೆ ಒಂದು ದಿನ ಮಾತ್ರ ನನಗೆ ಬಿಡಿ ಅಂತ ಕೇಳುತ್ತೇನೆ. ಅವತ್ತು ಬೆಳಿಗ್ಗೆ ಕಾರಲ್ಲಿ ಕೂರಿಸಿಕೊಂಡು, ಗಡಿ ದಾಟಿ, ಒಂದೂವರೆ ಗಂಟೆ ದೂರದ ಒಂದು ಫ್ರೆಂಚ್ ಊರಿಗೆ ಕರೆದುಕೊಂಡು ಹೋಗುತ್ತೇನೆ. ಊರಿನ ಹೆಸರು ಫ್ಲರಿ-ದೆವಾಂ-ದ್ವೋಮೋಂ. ಅಲ್ಲಿ ಮನೆ ಇಲ್ಲ, ಅಂಗಡಿ ಇಲ್ಲ, ಬೀದಿ ಅಂತ ಹೇಳುವಂಥದ್ದೂ ಇಲ್ಲ. ಜನಗಣತಿಯಲ್ಲಿ ಅದರ ಜನಸಂಖ್ಯೆ 0. ಆದರೆ ಮೇಯರ್ ಇದ್ದಾರೆ. ಇಷ್ಟು ಹೇಳಿದ ಕೂಡಲೇ ಎಲ್ಲರೂ ಅದೇ ಪ್ರಶ್ನೆ ಕೇಳುತ್ತಾರೆ. ಒಬ್ಬರೂ ಇಲ್ಲದ ಊರಿಗೆ ಮೇಯರ್ ಯಾಕೆ?

ಫೋನಿನಲ್ಲಿ, ವಾಟ್ಸಾಪಿನಲ್ಲಿ ತುಂಡು ತುಂಡಾಗಿ ಉತ್ತರ ಕೊಟ್ಟಿದ್ದೇನೆ. ಒಮ್ಮೆ ಪೂರ್ತಿ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಹೆಸರಿನಿಂದಲೇ ಶುರು ಮಾಡುತ್ತೇನೆ. ಫ್ಲರಿ ಅಂದರೆ ಫ್ರೆಂಚ್ ಬಲ್ಲವರ ಕಿವಿಗೆ ಹೂವು ಕೇಳಿಸುತ್ತದೆ. ಹೂವಿನ ಊರು, ಬಾಂಬು ಬಿದ್ದು ಹಾಳಾಯಿತು ಅಂತ ಕಥೆ ಕಟ್ಟುವುದು ಸುಲಭ. ನಿಜವಾದ ಮೂಲ ಬೇರೆ. ರೋಮನ್ನರ ಕಾಲದಲ್ಲಿ ಫ್ಲೋರುಸ್ ಅನ್ನುವ ಹೆಸರಿನವನೊಬ್ಬನ ಜಮೀನಿಗೆ ಫ್ಲೋರಿಯಾಕುಮ್ ಅನ್ನುತ್ತಿದ್ದರು, ಅಂದರೆ ಫ್ಲೋರುಸನ ಹಿಡುವಳಿ. ಆ 'ಆಕುಮ್' ಅನ್ನುವ ಬಾಲ ಫ್ರಾನ್ಸಿನ ಉತ್ತರದಲ್ಲಿ ಸವೆದು ಸವೆದು ಬರೀ 'ಇ' ಆಯಿತು. ದಕ್ಷಿಣದಲ್ಲಿ 'ಆಕ್' ಅಂತ ಉಳಿಯಿತು. ಪ್ಯಾರಿಸ್ಸಿನ ಓರ್ಲಿ ವಿಮಾನ ನಿಲ್ದಾಣದ ಹೆಸರು ಕೇಳಿರುತ್ತೀರಿ. ಓರ್ಲಿ, ಮತ್ತೆ ದಕ್ಷಿಣದ ಓರಿಯಾಕ್ ಪಟ್ಟಣ, ಎರಡೂ ಒಂದೇ ಹೆಸರಿನಿಂದ ಬಂದವು: ಔರೇಲಿಯಾಕುಮ್, ಔರೇಲಿಯುಸನ ಜಮೀನು. ಒಂದು ಬಾಲ ಕಳೆದುಕೊಂಡಿತು, ಇನ್ನೊಂದು ಉಳಿಸಿಕೊಂಡಿತು.

ಹೀಗಾಗಿ ಫ್ರಾನ್ಸಿನಲ್ಲಿ ಫ್ಲರಿ ಅನ್ನುವ ಊರುಗಳು ಬಹಳ. ಗೊತ್ತು ಹಿಡಿಯಲು ಪಕ್ಕದಲ್ಲಿ ಇನ್ನೊಂದು ಹೆಸರು ಸೇರಿಸಬೇಕು. ನಮ್ಮ ಫ್ಲರಿಗೆ 'ದೆವಾಂ ದ್ವೋಮೋಂ' ಸೇರಿತು. ದ್ವೋಮೋಂ ಅನ್ನುವುದು ಪಕ್ಕದ ಹಳ್ಳಿ, ದೆವಾಂ ಅಂದರೆ ಮುಂದೆ. ದ್ವೋಮೋಂ ಮುಂದಿನ ಫ್ಲರಿ. ವರ್ಡನ್ ಪಟ್ಟಣದಿಂದ ಹೊರಟರೆ ಮೊದಲು ಸಿಗುವುದು ಫ್ಲರಿ, ಆಮೇಲೆ ದ್ವೋಮೋಂ. ವಿಳಾಸ ಹೇಳಲು ಇಟ್ಟ ಹೆಸರು ಅಷ್ಟೆ. ಆದರೆ ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಈ 'ಮುಂದೆ' ಅನ್ನುವ ಒಂದು ಪದವೇ ಊರಿಗೆ ಮುಳುವಾಯಿತು.

ಅದು ಹೇಗೆ ಅಂತ ಗೊತ್ತಾಗಲು ನೆಲ ನೋಡಬೇಕು. ಮ್ಯೂಸ್ ನದಿ ಇಲ್ಲಿ ಉತ್ತರಕ್ಕೆ ಹರಿಯುತ್ತದೆ. ವರ್ಡನ್ ಪಟ್ಟಣ ಇರುವುದು ನದಿಯ ದಡದಲ್ಲಿ, ತಗ್ಗಿನಲ್ಲಿ. ನದಿಯ ಪೂರ್ವಕ್ಕೆ ಗುಡ್ಡಸಾಲು. ನಮ್ಮ ಮಲೆನಾಡು ನೋಡಿದವರಿಗೆ ಇದೇನು ಗುಡ್ಡ ಅನ್ನಿಸಬಹುದು, ಎತ್ತರ ಸಮುದ್ರಮಟ್ಟದಿಂದ ನಾನೂರು ಮೀಟರ್ ಕೂಡ ಮುಟ್ಟುವುದಿಲ್ಲ. ಆದರೆ ಅದರ ಆಚೆ ವೋವ್ರ್ ಅನ್ನುವ ಬಯಲು ಚಾಪೆ ಹಾಸಿದ ಹಾಗೆ ಮಲಗಿದೆ. ಆ ಬಯಲಿನಿಂದ ಬರುವ ಸೈನ್ಯಕ್ಕೆ ಈ ಗುಡ್ಡ ಗೋಡೆ ಇದ್ದ ಹಾಗೆ. ಅದಕ್ಕೇ ಫ್ರೆಂಚರು ಗುಡ್ಡದ ಮೇಲೆ ಸುತ್ತಲೂ ಕೋಟೆ ಕಟ್ಟಿದ್ದರು. ದ್ವೋಮೋಂ ಕೋಟೆ, ವೋ ಕೋಟೆ, ಸೂವಿಲ್ ಕೋಟೆ. ಈ ಮೂರರ ನಡುವೆ, ಏಣಿನ ಮೇಲೆ, ಎರಡೂ ಕಡೆ ಕಣಿವೆ ಇಟ್ಟುಕೊಂಡು, ಫ್ಲರಿ ಅನ್ನುವ ರೈತರ ಹಳ್ಳಿ ಇತ್ತು. ಯುದ್ಧಕ್ಕೆ ಮುಂಚೆ ಅಲ್ಲಿದ್ದವರು 422 ಜನ.

1916ರ ಫೆಬ್ರವರಿ 21ರಂದು ಜರ್ಮನ್ ಸೈನ್ಯ ವರ್ಡನ್ ಮೇಲೆ ಬಿತ್ತು. ಆ ಒಂದು ದಿನದಲ್ಲೇ ಹತ್ತು ಲಕ್ಷದಷ್ಟು ಫಿರಂಗಿ ಗುಂಡು ಸುರಿಯಿತು ಅನ್ನುತ್ತಾರೆ. ಊರಿನವರು ಕೈಗೆ ಸಿಕ್ಕಿದ್ದು ಹಿಡಿದು ಹೊರಟರು. ನಾಲ್ಕು ದಿನಕ್ಕೆ ದ್ವೋಮೋಂ ಕೋಟೆ ಜರ್ಮನರ ಕೈಗೆ ಹೋಯಿತು. ಈಗ ಹೆಸರನ್ನು ಇನ್ನೊಮ್ಮೆ ಓದಿ. ದ್ವೋಮೋಂ ಮುಂದಿನ ಫ್ಲರಿ. ಕೋಟೆ ಹಿಡಿದವನು ವರ್ಡನ್‌ಗೆ ಇಳಿಯಬೇಕಾದರೆ ಮುಂದಿನ ಹೆಜ್ಜೆ ಇದೇ ಊರು.

ಜೂನ್ 23ರಂದು ಜರ್ಮನರು ಊರನ್ನು ಹಿಡಿದರು. ಹಿಂದಿನ ರಾತ್ರಿಯೇ ವಿಷಾನಿಲ ತುಂಬಿದ ಗುಂಡು ಹಾರಿಸಿದ್ದರು. ಆಮೇಲೆ ಫ್ರೆಂಚರು ವಾಪಸ್ ಹಿಡಿದರು. ಮತ್ತೆ ಅವರು, ಮತ್ತೆ ಇವರು. ಜೂನ್‌ನಿಂದ ಆಗಸ್ಟ್ ಒಳಗೆ ಊರು 16 ಸಲ ಕೈ ಬದಲಾಯಿತು. ಜುಲೈ 12ಕ್ಕೆ ಜರ್ಮನ್ ಸೈನಿಕರು ಪಕ್ಕದ ಸೂವಿಲ್ ಕೋಟೆಯ ಹತ್ತಿರಕ್ಕೆ ಬಂದರು. ಅವರು ಮುಟ್ಟಿದ ತುದಿ ಅದೇ. ಅಲ್ಲಿ ಈಗ ಗಾಯಗೊಂಡು ಮಲಗಿದ ಸಿಂಹದ ಕಲ್ಲಿನ ಮೂರ್ತಿ ಇದೆ, ಫ್ಲರಿಗೆ ಹೋಗುವ ರಸ್ತೆಯ ಕೂಡಲಿನಲ್ಲಿ. ಆಗಸ್ಟ್ 18ರಂದು ಫ್ರೆಂಚರು ಊರನ್ನು ಹಿಡಿದು ಉಳಿಸಿಕೊಂಡರು. ಊರು ಅಂತ ಹೇಳಿದೆನಲ್ಲ, ಅಷ್ಟು ಹೊತ್ತಿಗೆ ಒಂದು ಗೋಡೆಯೂ ನಿಂತಿರಲಿಲ್ಲ. ಗೋಡೆ ಪುಡಿಯ ಬಿಳಿ ಮಸುಕು ಕಂಡ ಕಡೆ ಊರು ಇತ್ತು ಅಂತ ಲೆಕ್ಕ. ವರ್ಡನ್ ಕಾಳಗ ಡಿಸೆಂಬರ್ 18ರವರೆಗೆ ನಡೆಯಿತು, ಸುಮಾರು 300 ದಿನ. ಎರಡೂ ಕಡೆ ಸೇರಿ ಸತ್ತವರು 3 ಲಕ್ಷದ ಹತ್ತಿರ.

ಇಲ್ಲಿ ನಮ್ಮವರು ತಪ್ಪದೇ ಕೇಳುವ ಉಪಪ್ರಶ್ನೆ ಒಂದಿದೆ. ಭಾರತದ ಸೈನಿಕರು ಇಲ್ಲಿ ಹೋರಾಡಿದ್ದರಾ? ವರ್ಡನ್‌ನಲ್ಲಿ ಇಲ್ಲ. ಅವರು ಬ್ರಿಟಿಷರ ಕಡೆಯಿಂದ ಉತ್ತರ ಫ್ರಾನ್ಸಿನಲ್ಲಿ ಹೋರಾಡಿದರು, ಅವರ ಸ್ಮಾರಕ ನವ್-ಶಪೆಲ್ ಅನ್ನುವ ಇನ್ನೊಂದು ಚಿಕ್ಕ ಊರಿನಲ್ಲಿದೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಯುದ್ಧ ಮುಗಿದ ಮೇಲೆ ಊರಿನವರು ವಾಪಸ್ ಬಂದು ಮನೆ ಕಟ್ಟಬಹುದಿತ್ತಲ್ವಾ? ಆಗಲಿಲ್ಲ. ಮಣ್ಣಿನ ಒಳಗೆ ಸಿಡಿಯದೆ ಉಳಿದ ಗುಂಡು, ವಿಷ, ತಂತಿ, ಮತ್ತೆ ಹೆಣಗಳು. ನೇಗಿಲು ಹೂಡಿದರೆ ಸಾವು. ಸರ್ಕಾರ ಇಂಥ ನೆಲವನ್ನೆಲ್ಲ ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿ ಗುರುತು ಹಾಕಿ 'ಕೆಂಪು ವಲಯ' ಅಂತ ಕರೆಯಿತು. ಜಮೀನು ಕೊಂಡು ಕಾಡು ಬೆಳೆಸಿತು. ವರ್ಡನ್ ಸುತ್ತ ಹೀಗೆ ಒಂಬತ್ತು ಹಳ್ಳಿ ನೆಲಸಮವಾದವು. ಮೂರರಲ್ಲಿ ಒಂದಷ್ಟು ಜನ ಮತ್ತೆ ನೆಲೆಸಿದರು. ಆರರಲ್ಲಿ ಇಲ್ಲವೇ ಇಲ್ಲ. ಫ್ಲರಿ ಆ ಆರರಲ್ಲಿ ಒಂದು.

ಮಿಕ್ಕ ಐದರ ಹೆಸರೂ ಹೇಳಿಬಿಡುತ್ತೇನೆ, ಹೆಸರು ಹೇಳುವುದು ಇಲ್ಲಿ ಮುಖ್ಯ. ಬೋಮೋಂ, ಬೆಜೋಂವೋ, ಓಮೋಂ, ಲೂವ್‌ಮೋಂ, ಕ್ಯೂಮಿಯೇರ್. ಯುದ್ಧದ ನಂತರ ಲೂವ್‌ಮೋಂ ಊರಿಗೆ ಪಕ್ಕದ ಗುಡ್ಡದ ಹೆಸರನ್ನೂ ಸೇರಿಸಿದರು, 'ಕೋತ್ ದ್ಯು ಪ್ವಾವ್ರ್', ಅಂದರೆ ಮೆಣಸಿನ ಗುಡ್ಡ, ನಮ್ಮ ಕರಿಮೆಣಸೇ. ಕ್ಯೂಮಿಯೇರ್‌ಗೆ ಸೇರಿದ್ದು 'ಲ ಮೋರ್-ಓಮ್', ಸತ್ತ ಮನುಷ್ಯ. ಅದೂ ಒಂದು ಗುಡ್ಡದ ಹೆಸರು, ಯುದ್ಧಕ್ಕಿಂತ ಎಷ್ಟೋ ಹಿಂದಿನದು. ಹೆಸರು ಮೊದಲು ಬಂದು, ಸಾವಿರಾರು ಹೆಣ ಆಮೇಲೆ ಬಿತ್ತು.

ಈಗ ಮೇಯರ್ ವಿಷಯ. ಫ್ರಾನ್ಸಿನಲ್ಲಿ ಆಡಳಿತದ ಅತಿ ಚಿಕ್ಕ ಘಟಕ ಕಮ್ಯೂನ್. ಸುಮಾರು 35,000 ಇವೆ. ದೊಡ್ಡ ನಗರವೂ ಒಂದು ಕಮ್ಯೂನ್, ಐವತ್ತು ಜನರ ಹಳ್ಳಿಯೂ ಒಂದು ಕಮ್ಯೂನ್. ಪ್ರತಿಯೊಂದಕ್ಕೂ ಮೇಯರ್. ಜನ ಇಲ್ಲದ ಮೇಲೆ ಈ ಆರು ಹಳ್ಳಿಗಳನ್ನು ಪಕ್ಕದ ಊರಿಗೆ ಸೇರಿಸಿ ಕಡತ ಮುಚ್ಚಬಹುದಿತ್ತು. ಫ್ರಾನ್ಸ್ ಹಾಗೆ ಮಾಡಲಿಲ್ಲ. ಯುದ್ಧದಲ್ಲಿ ಸತ್ತ ಸೈನಿಕನ ದಾಖಲೆಯಲ್ಲಿ 'ಫ್ರಾನ್ಸಿಗಾಗಿ ಸತ್ತವನು' ಅಂತ ಬರೆಯುತ್ತಾರೆ, ಅದು ಒಂದು ಅಧಿಕೃತ ಗೌರವ. ಅದೇ ಮಾತನ್ನು ಈ ಹಳ್ಳಿಗಳ ಬಗ್ಗೆಯೂ ಹೇಳಿದರು. ಫ್ರಾನ್ಸಿಗಾಗಿ ಸತ್ತ ಊರು. ಕಮ್ಯೂನ್ ಪಟ್ಟ ಹಾಗೇ ಉಳಿಯಿತು. ಮತದಾರರಿಲ್ಲ, ಆದ್ದರಿಂದ ಚುನಾವಣೆ ಇಲ್ಲ. ನಮ್ಮ ಡಿಸಿ ಥರ ಅಲ್ಲಿ ಪ್ರಿಫೆಕ್ಟ್ ಅಂತ ಇರುತ್ತಾರೆ, ಅವರು ಮೂರು ಜನರ ಸಮಿತಿ ನೇಮಿಸುತ್ತಾರೆ. ಸಮಿತಿಯ ಅಧ್ಯಕ್ಷರೇ ಮೇಯರ್. ಊರು ಬಿಟ್ಟು ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಈ ಕೆಲಸ ಹೊತ್ತದ್ದುಂಟು. ಹಳ್ಳಿಯ ಜಾಗ ನೋಡಿಕೊಳ್ಳುವುದು, ಸ್ಮಾರಕ ಚೊಕ್ಕಟವಾಗಿ ಇಡುವುದು, ಸ್ಮರಣೆಯ ದಿನ ಮೂರು ಬಣ್ಣದ ಪಟ್ಟಿ ತೊಟ್ಟು ಊರಿನ ಹೆಸರಲ್ಲಿ ನಿಲ್ಲುವುದು, ಇದು ಅವರ ಕೆಲಸ.

ಕಾನೂನಿನ ಉತ್ತರ ಇಷ್ಟೆ. ನನಗೆ ಅದು ಸಾಕಾಗಿರಲಿಲ್ಲ. ಒಂದು ಸಲ ನಮ್ಮ ಸೋದರಮಾವ ಬಂದಿದ್ದರು. ಚಿತ್ರದುರ್ಗದ ಕಡೆ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಇಷ್ಟೇ ತಾನೇನಪ್ಪ, ಇದು ಬೇಚರಾಕ್ ಗ್ರಾಮ" ಅಂದರು. ನಿಜ, ನಮ್ಮ ಕಂದಾಯ ದಾಖಲೆಯಲ್ಲಿ ಜನವಸತಿ ಇಲ್ಲದ ಊರಿಗೆ ಅದೇ ಹೆಸರು. ಪಾರ್ಸಿಯ ಬೇ-ಚಿರಾಗ್, ದೀಪ ಇಲ್ಲದ್ದು. ಜನ ಇಲ್ಲ, ಆದರೆ ಸರ್ವೆ ನಂಬರ್ ಇದೆ, ಗಡಿ ಇದೆ, ಪಕ್ಕದ ಊರಿನವರು ಬಂದು ಉಳುತ್ತಾರೆ. ಅಲ್ಲಿ ಹೆಸರು ಉಳಿದದ್ದು ಜಮೀನಿಗೋಸ್ಕರ. "ಇಲ್ಲಿ ಉಳುಮೆಯೂ ಇಲ್ಲ ಮಾವ, ಹಾಗಾದರೆ ಯಾವುದಕ್ಕೋಸ್ಕರ ಇಟ್ಟುಕೊಂಡರು?" ಅಂದೆ. ಅವರು ಏನೂ ಹೇಳದೆ ಮುಂದೆ ನಡೆದರು.

ನಡೆಯುವುದು ಅಂದರೆ ಹೇಗೆ ಅಂತ ಹೇಳಬೇಕು. ಮರಗಳ ಕೆಳಗೆ ನೆಲ ಪೂರ್ತಿ ಹಳ್ಳ ದಿಣ್ಣೆ, ಹಳ್ಳ ದಿಣ್ಣೆ. ಒಂದು ಅಂಗುಲವೂ ಮಟ್ಟಸವಾಗಿಲ್ಲ. ಪ್ರತಿ ಹಳ್ಳವೂ ಒಂದು ಗುಂಡು ಬಿದ್ದ ಜಾಗ. ಮೇಲೆ ಹುಲ್ಲು ಬೆಳೆದು ಮೆತ್ತಗಾಗಿದೆ. ಮಳೆ ಬಂದರೆ ಈ ಕಾಡಿನ ಹಳ್ಳಗಳಲ್ಲಿ ನೀರು ನಿಲ್ಲುತ್ತದೆ, ಹೊಟ್ಟೆ ಹಳದಿ ಇರುವ ಒಂದು ಪುಟ್ಟ ಕಪ್ಪೆ ಅದರಲ್ಲಿ ಮೊಟ್ಟೆ ಇಡುತ್ತದೆ. ಯೂರೋಪಿನ ಎಷ್ಟೋ ಕಡೆ ಅಪರೂಪವಾದ ಕಪ್ಪೆ ಅದು. ಹಳ್ಳಗಳ ನಡುವೆ ಕಾಲುದಾರಿ, ದಾರಿಯ ಪಕ್ಕ ಮೊಣಕಾಲೆತ್ತರದ ಬಿಳಿ ಗೂಟಗಳು. ಒಂದರ ಮೇಲೆ ಬ್ರೆಡ್ ಸುಡುವವನ ಮನೆ ಅಂತಿದೆ. ಇನ್ನೊಂದು ಕಡೆ ಕಮ್ಮಾರ. ಇನ್ನೊಂದು ಕಡೆ ಶಾಲೆ, ಬಟ್ಟೆ ಒಗೆಯುವ ಕಟ್ಟೆ, ಮೇಯರ್ ಕಚೇರಿ. ಹಳೆಯ ಚರ್ಚ್ ಇದ್ದ ಕಡೆ ಈಗ ಒಂದು ಸಣ್ಣ ಪ್ರಾರ್ಥನಾ ಮಂದಿರ, ಯೂರೋಪಿನ ಮಾತೆಯ ಹೆಸರಿನಲ್ಲಿ. ಹತ್ತಿರದಲ್ಲೇ ವರ್ಡನ್ ಮ್ಯೂಸಿಯಂ, 1967ರಲ್ಲಿ ತೆರೆದದ್ದು. ಅದು ನಿಂತಿರುವುದು ಫ್ಲರಿಯ ಹಳೇ ರೈಲು ನಿಲ್ದಾಣದ ಜಾಗದಲ್ಲಿ.

ಮಾವ ಬ್ರೆಡ್ ಸುಡುವವನ ಗೂಟದ ಮುಂದೆ ನಿಂತರು. ಪಕ್ಕದ ಹಳ್ಳಕ್ಕೆ ಇಣುಕಿದರು. ಹುಲ್ಲು ಬಿಟ್ಟರೆ ಏನೂ ಇಲ್ಲ.

ಆಗ ನಾನು ಅವರಿಗೆ 2013ರ ಕಥೆ ಹೇಳಿದೆ. ಆ ವರ್ಷ ಮೇ ತಿಂಗಳಲ್ಲಿ ಫ್ಲರಿ ನೋಡಲು ಬಂದ ಜರ್ಮನ್ ಪ್ರವಾಸಿಗರ ಕಣ್ಣಿಗೆ ಮಣ್ಣಿನಲ್ಲಿ ಮೂಳೆ ಬಿತ್ತು. ಅಗೆದಾಗ ಒಂದು ಮನೆಯ ನೆಲಮಾಳಿಗೆ ಸಿಕ್ಕಿತು, ಅದರಲ್ಲಿ 26 ಫ್ರೆಂಚ್ ಸೈನಿಕರ ಅವಶೇಷ. ಕೆಲವರ ಲೋಹದ ಬಿಲ್ಲೆ ಉಳಿದಿತ್ತು, ಹೆಸರು ಗೊತ್ತಾಯಿತು. 97 ವರ್ಷ ಅವರು ಊರಿನ ಕೆಳಗೇ ಇದ್ದರು. ಯುದ್ಧದಲ್ಲಿ ಸತ್ತವರ ದಾಖಲೆಯಲ್ಲಿ ಸತ್ತ ಸ್ಥಳ ಅಂತ ಒಂದು ಸಾಲು ಇರುತ್ತದೆ. ಎಷ್ಟೋ ಜನರ ಆ ಸಾಲಿನಲ್ಲಿ ಇರುವುದು ಫ್ಲರಿ-ದೆವಾಂ-ದ್ವೋಮೋಂ. ಅಲ್ಲಿಗೆ ಸಮೀಪದಲ್ಲೇ 16,000 ಬಿಳಿ ಶಿಲುಬೆ, ಗೋರಿಕಲ್ಲುಗಳ ಸೈನಿಕ ಸ್ಮಶಾನ ಇದೆ, ಅದರ ಅಧಿಕೃತ ಹೆಸರಿನಲ್ಲೂ ಇದೇ ಊರು. ಬದುಕಿರುವವರ ಲೆಕ್ಕದಲ್ಲಿ 0, ಸತ್ತವರ ಲೆಕ್ಕದಲ್ಲಿ ಸಾವಿರಾರು. ಊರಿನ ಹೆಸರು ತೆಗೆದರೆ ಇಷ್ಟು ಜನ ಎಲ್ಲಿ ಸತ್ತರು ಅನ್ನುವುದಕ್ಕೆ ಜಾಗವೇ ಇರುವುದಿಲ್ಲ. ಹೆಸರು ಇದೆ ಅಂದರೆ ಅದಕ್ಕೆ ಸಹಿ ಹಾಕಲು ಒಬ್ಬರು ಬೇಕು. ಮೇಯರ್ ಇರುವುದು ಅದಕ್ಕೆ. ಇದು ನಾನು ಕಂಡುಕೊಂಡ ಉತ್ತರ, ಇದನ್ನು ನಾನು ಪೂರ್ತಿ ನಂಬುತ್ತೇನೆ.

ಇನ್ನೂ ಒಂದು ವಿಷಯ ಗಮನಿಸಿ. ದ್ವೋಮೋಂ ಅನ್ನುವ ಹಳ್ಳಿಯಲ್ಲಿ ಒಂದಿಷ್ಟು ಜನ ಇದ್ದಾರೆ. ಅದು 2019ರ ಜನವರಿ 1ರಂದು ಪಕ್ಕದ ವೋ ಹಳ್ಳಿಯ ಜೊತೆ ಸೇರಿ ದ್ವೋಮೋಂ-ವೋ ಅನ್ನುವ ಹೊಸ ಕಮ್ಯೂನ್ ಆಯಿತು. ಜನ ಇರುವ ಊರು ಹೆಸರು ಬದಲಿಸಿಕೊಂಡಿದೆ. ಜನ ಇಲ್ಲದ ಫ್ಲರಿ ಮಾತ್ರ ಇನ್ನೂ ಹಳೆಯ ದ್ವೋಮೋಂ ಮುಂದೆಯೇ ನಿಂತಿದೆ.

ನೀವು ಹೋಗುವುದಾದರೆ ವರ್ಡನ್‌ನಿಂದ ಕಾರಲ್ಲಿ ಹದಿನೈದು ನಿಮಿಷ. ಗುರುತು ಮಾಡಿದ ದಾರಿ ಬಿಟ್ಟು ಕಾಡಿನೊಳಗೆ ಕಾಲಿಡಬೇಡಿ, ಮಣ್ಣಿನಲ್ಲಿ ಏನೇ ಕಂಡರೂ ಮುಟ್ಟಬೇಡಿ, ಗುಂಡುಗಳು ಈಗಲೂ ಸಿಗುತ್ತವೆ. ಮಕ್ಕಳಿದ್ದರೆ ಕೈ ಹಿಡಿದುಕೊಳ್ಳಿ. ಬೇಸಿಗೆಯಲ್ಲೂ ಗುಡ್ಡದ ಮೇಲೆ ಗಾಳಿ ಜಾಸ್ತಿ, ಸ್ವೆಟರ್ ಇರಲಿ.

ಮಾವ ಅವತ್ತು ವಾಪಸ್ ಬರುವಾಗ ಕಾರಲ್ಲಿ ಜೇಬಿನ ಡೈರಿ ತೆಗೆದು, "ಆ ಊರಿನ ಹೆಸರು ಇನ್ನೊಂದು ಸಲ ಹೇಳಪ್ಪ, ನಿಧಾನಕ್ಕೆ" ಅಂದರು. ಹೇಳಿದೆ. ಕನ್ನಡದಲ್ಲಿ ಬರೆದುಕೊಂಡರು. ಪಕ್ಕದಲ್ಲಿ 'ಬೇಚರಾಕ್' ಅಂತ ಬರೆದು, ಸ್ವಲ್ಪ ಹೊತ್ತು ನೋಡಿ, ಅದನ್ನು ಹೊಡೆದುಹಾಕಿದರು.